ಜೆಸಿ ವೈರಸ್ಸಿಗೆ ಬಿಕೆ ಮದ್ದು

ಹಳೆಯ ವೈದ್ಯಕೀಯ ಪತ್ರಿಕೆಗಳನ್ನು ತಿರುವುತ್ತಿದ್ದಾಗ 1971ರ ಜೂನ್ ತಿಂಗಳ ‘ಲ್ಯಾನ್ಸೆಟ್’ ಸಂಚಿಕೆಯೊಂದು ಸಿಕ್ಕಿತು. ಅದರ 1253ನೇ ಪುಟದಲ್ಲಿ ಲಂಡನ್ನಿನ ಸಿಲ್ವಿಯಾ ಗಾರ್ಡ್ನರ್ ತಂಡದ ಪ್ರಬಂಧವಿದೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡ ರೋಗಿಯ ಮೂತ್ರದಲ್ಲಿ ಕಂಡ ಹೊಸ ವೈರಸ್ಸಿನ ಕಥೆ ಅದು. 1257ನೇ ಪುಟಕ್ಕೆ ಹೋದರೆ ಅಮೆರಿಕದ ವಿಸ್ಕಾನ್ಸಿನ್ ತಂಡ, ಪಿಎಂಎಲ್ ಎಂಬ ಕಾಯಿಲೆಗೆ ತುತ್ತಾದ ರೋಗಿಯ ಮಿದುಳಿನಿಂದ ಇನ್ನೊಂದು ವೈರಸ್ ಬೆಳೆಸಿದ ವರದಿ! ರೋಗಿಗಳ ಹೆಸರಿನ ಮೊದಲಕ್ಷರಗಳೇ ಇವಕ್ಕೆ ಹೆಸರಾದವು: ಬಿಕೆ ಮತ್ತು ಜೆಸಿ. ಒಂದೇ ಸಂಚಿಕೆಯಲ್ಲಿ ಅಕ್ಕಪಕ್ಕ ಹುಟ್ಟಿದ ಈ ಜೋಡಿಯನ್ನು ನೋಡಿದ ಬೆರಗು ನನಗಿನ್ನೂ ಇಳಿದಿಲ್ಲ.

ಜೆಸಿ ನಮ್ಮಲ್ಲಿ ಬಹುಪಾಲು ಜನರ ಮೈಯಲ್ಲಿ ಸುಮ್ಮನೆ ಮಲಗಿರುತ್ತದೆ. ಏಡ್ಸ್, ರಕ್ತದ ಕ್ಯಾನ್ಸರ್ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಗಳಿಂದ ಕಾವಲು ಸಡಿಲವಾದಾಗ ಮಿದುಳಿಗೆ ನುಗ್ಗಿ, ನರತಂತುಗಳ ಹೊದಿಕೆ ಕಟ್ಟುವ ಕೋಶಗಳನ್ನೇ ಕೊಲ್ಲುತ್ತದೆ. ಅದೇ ಪಿಎಂಎಲ್. ಈ ವೈರಸ್ಸನ್ನು ನೇರವಾಗಿ ಹೊಡೆಯುವ ಔಷಧ ಇಲ್ಲ. ದೇಹದ ಟಿ-ಕೋಶಗಳೇ ಎದ್ದು ಕಾದಾಡಬೇಕು.

ಬಿಕೆ ಮರಳಿ ಬರುವುದು ಇಲ್ಲೇ. ಎರಡೂ ವೈರಸ್ಸುಗಳ ಪ್ರೋಟೀನುಗಳು ಬಹಳ ಹೋಲುತ್ತವೆ. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ವೈದ್ಯರು ಆರೋಗ್ಯವಂತ ದಾನಿಗಳ ಟಿ-ಕೋಶಗಳನ್ನು ಬಿಕೆ ವಿರುದ್ಧ ಪಳಗಿಸಿ ಮೂವರು ಪಿಎಂಎಲ್ ರೋಗಿಗಳಿಗೆ ಕೊಟ್ಟರು. 2018ರಲ್ಲಿ ಪ್ರಕಟವಾದ ವರದಿಯಂತೆ ಇಬ್ಬರ ಮಿದುಳುಬಳ್ಳಿಯ ದ್ರವದಲ್ಲಿ ಜೆಸಿ ಕಾಣದಾಯಿತು, ಅವರು ಚೇತರಿಸಿಕೊಂಡರು. ಮೂರನೆಯವರಲ್ಲಿ ವೈರಸ್ ತಗ್ಗಿತು, ರೋಗ ನಿಂತಿತು. ಆದರೆ ಎಂಟು ತಿಂಗಳಲ್ಲಿ ಅವರು ತೀರಿಕೊಂಡರು. ಒಂದು ವೈರಸ್ಸಿಗೆಂದು ಕಲಿಸಿದ ಪಾಠ ಅದರ ದಾಯಾದಿಯ ಮೇಲೂ ನಡೆಯಿತು!

ಇನ್ನೊಂದು ದಾರಿ ಪೆಂಬ್ರೊಲಿಝುಮ್ಯಾಬ್. ಟಿ-ಕೋಶಗಳ ಮೇಲಿನ ಪಿಡಿ-1 ಎಂಬ ಬ್ರೇಕನ್ನು ತೆಗೆಯುವ ಈ ಕ್ಯಾನ್ಸರ್ ಔಷಧವನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎಂಟು ಪಿಎಂಎಲ್ ರೋಗಿಗಳಿಗೆ ಕೊಟ್ಟಿತು. 2019ರ ವರದಿಯಲ್ಲಿ ಐವರು ಸುಧಾರಿಸಿದರು ಅಥವಾ ಸ್ಥಿರಗೊಂಡರು, ಮೂವರಿಗೆ ಗುಣ ಕಾಣಲಿಲ್ಲ. ಸಂಖ್ಯೆ ತೀರಾ ಚಿಕ್ಕದು. ಹೋಲಿಸಿ ನೋಡಲು ಔಷಧ ಪಡೆಯದ ಗುಂಪೂ ಇರಲಿಲ್ಲ. ಕೆರಳಿದ ಟಿ-ಕೋಶಗಳು ಮಿದುಳನ್ನೇ ಊದಿಸುವ ಅಪಾಯವೂ ಉಂಟು. ದಾನಿಯ ಕೋಶಗಳ ಪ್ರಯೋಗ ಇದಕ್ಕಿಂತಲೂ ಚಿಕ್ಕದು; ಆದರೂ ನನ್ನ ಒಲವು ಆ ದಾರಿಯತ್ತಲೇ.

‘ಇಮ್ಯುನಿಟಿ’ ಹೆಚ್ಚಿಸುತ್ತೇವೆನ್ನುವ ಡಬ್ಬಿ ಪುಡಿಗಳಿಗೂ ಟಿ-ಕೋಶಗಳ ಈ ಚಿಕಿತ್ಸೆಗಳಿಗೂ ಸಂಬಂಧವಿಲ್ಲ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸುವವರಿಗೆ ಮಾತು ತೊದಲಿದರೆ, ದೃಷ್ಟಿ ಮಂಕಾದರೆ, ಒಂದು ಕೈಯೋ ಕಾಲೋ ದಿನೇ ದಿನೇ ಸೋತರೆ ಅದು ಪಿಎಂಎಲ್ ಇರಬಹುದು; ಔಷಧವನ್ನು ತಾವಾಗಿಯೇ ನಿಲ್ಲಿಸದೆ ತಕ್ಷಣ ನರರೋಗ ತಜ್ಞರನ್ನು ಕಾಣಲಿ.