ಮಗುವಿನ ಮೈಯಳತೆಗೆ ಒಪ್ಪುವ ಲೈಫ್ ಜಾಕೆಟ್

ನಮ್ಮ ಹಿರಿಯರು ಮಕ್ಕಳಿಗೆ ಈಜು ಕಲಿಸುವಾಗ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ನಡುವಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯು ಮೆಟ್ಟಿಲ ಮೇಲೆ ನಿಂತ ದೊಡ್ಡವರ ಕೈಯಲ್ಲಿರುತ್ತಿತ್ತು. ಬುರುಡೆಯ ಕೆಲಸವನ್ನು ಇಂದು ಲೈಫ್ ಜಾಕೆಟ್ ಮಾಡುತ್ತದೆ. ಹಗ್ಗ ಹಿಡಿದ ಕೈ ಮಾತ್ರ ಹಲವೆಡೆ ಕಾಣದಾಗಿದೆ.

ರಜೆಯ ದಿನಗಳಲ್ಲಿ ಭಕ್ತರು ಕುಟುಂಬಸಮೇತರಾಗಿ ಕೃಷ್ಣಾ ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮಕ್ಕೆ ಹೋಗುತ್ತಾರೆ. ಹಂಪಿ, ಆನೆಗೊಂದಿಗಳಿಗೆ ಹೋದವರು ತುಂಗಭದ್ರೆಯಲ್ಲಿ ಹರಿಗೋಲು ಏರುತ್ತಾರೆ. ದೊಡ್ಡವರಿಗಾಗಿ ಹೊಲಿದ ಜಾಕೆಟನ್ನು ಐದು ವರ್ಷದ ಮಗುವಿನ ಕೊರಳಿಗೆ ಹಾಕಿ, ಪಟ್ಟಿಗಳನ್ನೂ ಬಿಗಿಯದೆ ದೋಣಿಯಲ್ಲಿ ಕೂರಿಸುವ ದೃಶ್ಯವನ್ನು ನಾವು ದಡಗಳಲ್ಲಿ ಹಲವು ಬಾರಿ ಕಂಡಿದ್ದೇವೆ. 2024ರ ಜನವರಿ 18ರಂದು ಗುಜರಾತಿನ ವಡೋದರಾ ನಗರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಅಸುನೀಗಿದರು. ದೋಣಿಯಲ್ಲಿದ್ದ ಬಹುತೇಕ ಮಕ್ಕಳ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ.

ಜಾಕೆಟ್ ಇದ್ದರೆ ಸಾಲದು, ಅದು ಮಗುವಿನದೇ ಆಗಿರಬೇಕು. ಚಿಕ್ಕ ಮಕ್ಕಳ ತಲೆಯು ದೇಹದ ಪ್ರಮಾಣಕ್ಕೆ ದೊಡ್ಡದೂ ಭಾರವೂ ಆಗಿರುವುದರಿಂದ ನೀರಿಗೆ ಬಿದ್ದ ಮಗುವಿನ ಮುಖ ಸುಲಭವಾಗಿ ಕೆಳಗಾಗುತ್ತದೆ. ಮುಖವನ್ನು ಮೇಲಕ್ಕೆ ಹಿಡಿಯುವುದೇ ಜಾಕೆಟಿನ ಮುಖ್ಯ ಕಾರ್ಯ. ಸಡಿಲವಾದ ಜಾಕೆಟ್ ನೀರಿನಲ್ಲಿ ತಾನು ತೇಲುತ್ತದೆ, ಮಗು ಅದರೊಳಗಿನಿಂದ ಕೆಳಗೆ ಜಾರುತ್ತದೆ.

ಇಲ್ಲಿಯೇ ನಮ್ಮ ಮನೆಗಳ ಒಂದು ಅಭ್ಯಾಸ ಅಡ್ಡ ಬರುತ್ತದೆ. ಅಂಗಿ, ಚಪ್ಪಲಿಗಳನ್ನು ಕೊಳ್ಳುವಾಗ 'ಬೆಳೆಯುವ ಮಗು, ಒಂದಳತೆ ದೊಡ್ಡದಿರಲಿ' ಎನ್ನುತ್ತೇವೆ. ಮಿತವ್ಯಯವಾಗಿ ಅದು ಸರಿ. ಲೈಫ್ ಜಾಕೆಟಿಗೆ ಅದು ಸಲ್ಲದು. ಇದನ್ನು ವಯಸ್ಸು ನೋಡಿ ಕೊಳ್ಳುವುದಲ್ಲ, ತೂಕ ನೋಡಿ ಕೊಳ್ಳಬೇಕು. ಒಳಗಿನ ಚೀಟಿಯಲ್ಲಿ ಎಷ್ಟು ಕಿಲೋ ತೂಕದವರಿಗೆ ಎಂದು ಬರೆದಿರುತ್ತದೆ. ಅಲ್ಲಿಯೇ 50, 100, 150 ಎಂಬ ಅಂಕಿಗಳಲ್ಲಿ ಒಂದು ಇರುವುದುಂಟು. ಅದು ತೇಲಿಸುವ ಶಕ್ತಿಯ ದರ್ಜೆ. 50ರ ದರ್ಜೆಯದು ಈಜು ಬಲ್ಲವರಿಗೆ ಆಸರೆ ಮಾತ್ರ. ಈಜು ಬಾರದ ಮಗುವಿಗೆ 100 ಅಥವಾ ಅದಕ್ಕೂ ಮೇಲಿನ ದರ್ಜೆಯದನ್ನೇ ಆರಿಸಬೇಕು. ಚೀಟಿಯೇ ಇಲ್ಲದ ಅಗ್ಗದ ಜಾಕೆಟನ್ನು ನಂಬುವಂತಿಲ್ಲ.

ಅಂಗಡಿಯಲ್ಲಿಯೇ ಮಗುವಿಗೆ ತೊಡಿಸಿ ಎಲ್ಲ ಪಟ್ಟಿಗಳನ್ನೂ ಬಿಗಿಯಿರಿ. ಬಳಿಕ ಜಾಕೆಟಿನ ಎರಡೂ ಭುಜಗಳನ್ನು ಹಿಡಿದು ಮೇಲಕ್ಕೆತ್ತಿರಿ. ಅದು ಗಲ್ಲವನ್ನೂ ಕಿವಿಯನ್ನೂ ಮುಟ್ಟುವಷ್ಟು ಮೇಲೇರಿದರೆ ಆ ಅಳತೆ ನಿಮ್ಮ ಮಗುವಿಗಲ್ಲ. ಎಳೆಯರ ಜಾಕೆಟಿಗೆ ಕಾಲುಗಳ ನಡುವಿನಿಂದ ಹಾಯ್ದು ಬಿಗಿಯುವ ಪಟ್ಟಿ ಇರಲೇಬೇಕು. ಜಾರದಂತೆ ತಡೆಯುವುದು ಅದೇ. ಮಕ್ಕಳು ಕಿರಿಕಿರಿಯೆಂದು ಅದನ್ನು ಬಿಚ್ಚಲು ಹಟ ಮಾಡುತ್ತಾರೆ, ತಾಯಂದಿರು ಮಣಿಯಬಾರದು. ತಲೆಗೆ ಆಸರೆಯಾಗುವ ಕಾಲರು, ಹಿಡಿದು ಮೇಲೆತ್ತಲು ಬೆನ್ನ ಮೇಲೊಂದು ಹಿಡಿಕೆ, ಒಂದು ಸೀಟಿ ಇದ್ದರೆ ಒಳಿತು. ಬಣ್ಣ ಕಿತ್ತಳೆಯೋ ಹಳದಿಯೋ ಇರಲಿ. ನೀಲಿ, ಹಸಿರು ನೀರಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಪ್ರವಾಸಕ್ಕೆ ಮುನ್ನ ಒಮ್ಮೆ ದೊಡ್ಡವರ ಸೊಂಟದಷ್ಟು ಆಳದ ನಿಶ್ಚಲ ನೀರಿನಲ್ಲಿ, ಮಗುವನ್ನು ಹಿಡಿದುಕೊಂಡು, ಜಾಕೆಟ್ ಹೇಗೆ ತೇಲಿಸುತ್ತದೆಂದು ನೋಡಿಕೊಳ್ಳಬೇಕು. ಮಗುವಿನ ಅಂಜಿಕೆಯೂ ಅದರಿಂದ ಕಳೆಯುತ್ತದೆ.

ತೋಳಿಗೆ ಹಾಕುವ ಗಾಳಿಯ ಚೀಲ, ಸೊಂಟದ ರಬ್ಬರ್ ಬಳೆ, ಗಾಳಿ ತುಂಬಿದ ಟ್ಯೂಬುಗಳು ಜೀವರಕ್ಷಕಗಳಲ್ಲ. ಜಾಲಿಮುಳ್ಳೊಂದು ತಾಗಿದರೆ ಅವುಗಳ ಕಥೆ ಮುಗಿಯಿತು. ಬಳಸಿದ ಜಾಕೆಟನ್ನು ಸಿಹಿನೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸಬೇಕು. ಅದನ್ನು ಮಡಿಸಿ ಕೂರುವ ಮಣೆಯಂತೆ ಬಳಸಿದರೆ ಒಳಗಿನ ಸ್ಪಂಜು ಚಪ್ಪಟೆಯಾಗಿ ತೇಲಿಸುವ ಗುಣ ಕುಂದುತ್ತದೆ.

ನಮ್ಮ ಹೊಲಗಳ ಕೃಷಿ ಹೊಂಡಗಳ ಮಾತೇ ಬೇರೆ. ಪ್ಲಾಸ್ಟಿಕ್ ಹಾಳೆ ಹಾಸಿದ ಇಳಿಜಾರಿನಲ್ಲಿ ಜಾರಿದ ಮಗುವಿಗೆ ಹಿಡಿದು ಮೇಲೆ ಬರಲು ಏನೂ ಸಿಗದು. ಹೊಲದಲ್ಲಿ ಆಡುವ ಮಗು ದಿನವಿಡೀ ಜಾಕೆಟ್ ತೊಟ್ಟಿರಲಾರದು. ಅಲ್ಲಿ ಬೇಕಾದುದು ಸುತ್ತಲೂ ಬೇಲಿ ಮತ್ತು ಗೂಟಕ್ಕೆ ಬಿಗಿದು ನೀರಿಗೆ ಇಳಿಬಿಟ್ಟ ಗಂಟುಹಗ್ಗ.

ಮುಳುಗುವ ಮಗು ಕೂಗುತ್ತದೆ, ಕೈ ಬೀಸುತ್ತದೆ ಎಂಬುದು ಸಿನಿಮಾದ ಕಲ್ಪನೆ. ಉಸಿರಿಗೇ ಹೋರಾಡುವ ಮಗುವಿಗೆ ಕೂಗಲು ಉಸಿರಿರುವುದಿಲ್ಲ. ಆದುದರಿಂದ ಜಾಕೆಟ್ ತೊಡಿಸಿದ ಮೇಲೂ, ಮೊಳಕಾಲುದ್ದದ ನೀರಿನಲ್ಲಿಯೂ, ಒಬ್ಬ ಹಿರಿಯರು ಕೈಗೆಟಕುವ ದೂರದಲ್ಲಿ ಇರಬೇಕು. 'ಎಲ್ಲರೂ ಇದ್ದೇವಲ್ಲ' ಎಂಬಲ್ಲಿ ಯಾರೂ ನೋಡುತ್ತಿರುವುದಿಲ್ಲ. ಸರದಿಯಂತೆ ಒಬ್ಬರನ್ನು ನೇಮಿಸಿ, ಅವರ ಕೈಗೆ ಮೊಬೈಲ್ ಕೊಡದಿರಿ.

ದೋಣಿ ಏರುವ ಮುನ್ನ ಮಗುವಿನ ತೂಕಕ್ಕೆ ಒಪ್ಪುವ ಜಾಕೆಟ್ ಇದೆಯೇ ಎಂದು ಅಂಬಿಗರನ್ನು ಕೇಳಿರಿ. ಇಲ್ಲವೆಂದರೆ ಮಗುವಿನೊಡನೆ ದಡದಲ್ಲಿ ಕುಳಿತು ಹರಿಗೋಲು ತಿರುಗುವುದನ್ನು ನೋಡಿ ಬನ್ನಿರಿ.