ಸೊಪ್ಪಿಗೆ ತಂಬಿಗೆ, ಮರಕ್ಕೆ ಕೊಡ

ಮಾರ್ಚ್ ಕಳೆಯುತ್ತಿದ್ದಂತೆ ವಿಶ್ರಾಮಬಾಗದ ಮಾಳಿಗೆಗಳ ಮೇಲೆ ಲೆಟ್ಯೂಸ್ ಬೆಳೆದವರಿಗೆ ಒಂದೇ ಚಿಂತೆ. ಅಷ್ಟು ದಿನ ಕುಂಡದ ಮಣ್ಣಿಗೆ ಅಂಟಿಕೊಂಡಂತೆ ಹರಡಿದ್ದ ಗಿಡದ ನಡುವಿನಿಂದ ದಂಟು ಏಳುತ್ತದೆ. ಎಲೆ ಕಿರಿದಾಗಿ ಕಹಿಯಾಗುತ್ತದೆ, ದಂಟು ಮುರಿದರೆ ಬಿಳಿ ಹಾಲು ಒಸರುತ್ತದೆ. ಬೆಳೆ ಅಲ್ಲಿಗೆ ಮುಗಿಯಿತು. ಅದೇ ದಿನಗಳಲ್ಲಿ, ಅದೇ ಬಿಸಿಲಿನಲ್ಲಿ, ಚಳಿಗಾಲಕ್ಕೆ ಎಲೆಯುದುರಿಸಿ ನಿಂತಿದ್ದ ತಾಮಣ್ ಮರ ಚಿಗುರೊಡೆದು, ಆ ಚಿಗುರಿನ ತುದಿಯಲ್ಲೇ ಮೊಗ್ಗಿಗೆ ಅಣಿಯಾಗುತ್ತದೆ. ಬಿಸಿಲು ಏರಿದಂತೆ ಎರಡೂ ಹೂವಿನ ಕಡೆ ಹೊರಟಿವೆ. ಒಂದರ ಹೂವಿಗೆ ನಾವು ಹೆದರುತ್ತೇವೆ, ಇನ್ನೊಂದರ ಹೂವಿಗೆ ವರ್ಷವಿಡೀ ಕಾಯುತ್ತೇವೆ.

ತಾಮಣ್ ಅಂದರೆ ನಮ್ಮ ಹೊಳೆದಾಸವಾಳ. ಮಹಾರಾಷ್ಟ್ರದ ರಾಜ್ಯಪುಷ್ಪ. ಸಾಂಗಲಿ, ಮೀರಜ್ ಎರಡೂ ಊರು ಬೆಳೆದು ಒಂದನ್ನೊಂದು ಮುಟ್ಟಿದ ಜಾಗ ಈ ವಿಶ್ರಾಮಬಾಗ. ವಿಲಿಂಗ್ಡನ್ ಕಾಲೇಜು, ವಾಲಚಂದ್ ಇಂಜಿನಿಯರಿಂಗ್ ಕಾಲೇಜು ಇರುವುದು ಇಲ್ಲಿಯೇ. ಮನೆ ಮುಂದೆ ಹೂಮರ ಬೇಕು ಎನ್ನುವವರಿಗೆ ನಾನು ಮೊದಲು ಸೂಚಿಸುವುದು ಹೊಳೆದಾಸವಾಳವನ್ನೇ. ಜೊತೆಗೆ ಒಂದು ಮಾತನ್ನೂ ಸೇರಿಸುತ್ತೇನೆ: ಕುಂಡದ ಸೊಪ್ಪನ್ನು ಸಾಕಿದಂತೆ ಮರವನ್ನು ಸಾಕಬೇಡಿ. ಈ ಭಾಗದಲ್ಲಿ ಸಸಿಗಳು ಸೊರಗುವುದು ಅಸಡ್ಡೆಯಿಂದ ಮಾತ್ರವಲ್ಲ, ತಪ್ಪು ಬಗೆಯ ಅಕ್ಕರೆಯಿಂದಲೂ ಹೌದು.

ಮೊದಲು ಲೆಟ್ಯೂಸ್ ಮಾತು. ಪೇಟೆಯಲ್ಲಿ ಹೊಸದಾಗಿ ಕಂಡರೂ ನಮಗೆ ಇದು ತೀರ ಪರಕೀಯವಲ್ಲ. ಉತ್ತರ ಕರ್ನಾಟಕದವರು ಜೋಳದ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಹತ್ತರಕಿ, ಮರಾಠಿಯವರ ಪಾಥರಿ, ಸೂರ್ಯಕಾಂತಿಯ ಕುಟುಂಬದಲ್ಲಿ ಲೆಟ್ಯೂಸಿನ ಹತ್ತಿರದ ನೆಂಟ. ಅದಕ್ಕೂ ಮುರಿದರೆ ಹಾಲು ಬರುತ್ತದೆ, ಅದರ ಎಲೆಯಲ್ಲೂ ಸಣ್ಣ ಕಹಿ ಇದೆ. ವ್ಯತ್ಯಾಸವಿರುವುದು ಸಾಕಣೆಯಲ್ಲಿ. ಹತ್ತರಕಿ ಯಾರ ಹಂಗೂ ಇಲ್ಲದೆ ಹೊಲದಲ್ಲಿ ತಾನೇ ಹುಟ್ಟುತ್ತದೆ. ಲೆಟ್ಯೂಸ್ ದಿನವೂ ನಮ್ಮ ಕೈ ಕಾಯುತ್ತದೆ.

ಅದರ ಬೀಜದ ಕಥೆ ಸಸ್ಯವಿಜ್ಞಾನದಲ್ಲಿ ದೊಡ್ಡ ಅಧ್ಯಾಯವೇ ಆಗಿದೆ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು 'ಗ್ರ್ಯಾಂಡ್ ರ್‍ಯಾಪಿಡ್ಸ್' ಎಂಬ ಲೆಟ್ಯೂಸ್ ತಳಿಯ ನೆನೆದ ಬೀಜಗಳ ಮೇಲೆ ಬೆಳಕು ಬಿಟ್ಟು ನೋಡಿದರು. ಕೆಂಪು ಬೆಳಕು ಬಿದ್ದರೆ ಬೀಜ ಮೊಳೆಯಿತು. ಅದರ ಬೆನ್ನಿಗೆ, ನಮ್ಮ ಕಣ್ಣಿಗೆ ಕಂಡೂ ಕಾಣದಂಥ ಕಡುಗೆಂಪು ಬೆಳಕು ಬಿದ್ದರೆ ಮೊಳೆಯಲಿಲ್ಲ. ಎರಡನ್ನೂ ಎಷ್ಟು ಸಲ ಬದಲಾಯಿಸಿದರೂ ಬೀಜ ಕೊನೆಗೆ ಬಿದ್ದ ಬೆಳಕಿನ ಮಾತನ್ನೇ ಕೇಳಿತು. ಗಿಡಗಳು ಬೆಳಕನ್ನು ಗುರುತಿಸಲು ಬಳಸುವ ಫೈಟೊಕ್ರೋಮ್ ಎಂಬ ವರ್ಣದ್ರವ್ಯದ ಜಾಡು ಸಿಕ್ಕಿದ್ದು ಹೀಗೆ. ಸಾಸಿವೆಗಿಂತ ಹಗುರಾದ ಒಂದು ಕಾಳು ಬೆಳಕಿನ ಬಣ್ಣವನ್ನು ಬೇರೆಮಾಡಿ ಅರಿಯುತ್ತದೆ ಎನ್ನುವುದು ನನಗೆ ಇಂದಿಗೂ ಬೆರಗು.

ಮಾಳಿಗೆಯ ಕೃಷಿಗೆ ಇದರ ಅರ್ಥ ಸರಳ. ಬೀಜವನ್ನು ಆಳಕ್ಕೆ ಹೂಳಬಾರದು. ತೇವದ ಮಣ್ಣಿನ ಮೇಲೆ ಉದುರಿಸಿ, ಕಂಡೂ ಕಾಣದಷ್ಟು ಪುಡಿಗೊಬ್ಬರ ತೂರಿದರೆ ಸಾಕು. ಎರಡನೆಯ ಅಡ್ಡಿ ಸೆಕೆ. ಮಣ್ಣಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಮೀರಿದರೆ ಹೆಚ್ಚಿನ ತಳಿಗಳ ಬೀಜ ಏಳುವುದೇ ಇಲ್ಲ. ಅದಕ್ಕೇ ಸಾಂಗಲಿ-ಮೀರಜ್ ಸೀಮೆಯಲ್ಲಿ ದೀಪಾವಳಿಯ ಆಚೀಚೆ ಬಿತ್ತನೆಗೆ ಸರಿಯಾದ ಕಾಲ. ಉಂಡೆಗಟ್ಟುವ ಐಸ್‌ಬರ್ಗ್ ತಳಿಗೆ ತಂಪು ಹೆಚ್ಚು ದಿನ ಬೇಕು, ಇಲ್ಲಿ ಅದರ ಆಸೆ ಬಿಡುವುದು ಒಳ್ಳೆಯದು. ಬಿಡಿ ಎಲೆಯ ತಳಿಗಳು ಒಂದೂವರೆ ತಿಂಗಳಿಗೆ ಕೈಗೆ ಬರುತ್ತವೆ. ಹೊರಗಿನ ಎಲೆ ಕಿತ್ತುಕೊಳ್ಳುತ್ತ ಹೋದರೆ ಫೆಬ್ರವರಿ ತನಕ ಅದೇ ಗಿಡ ಊಟಕ್ಕೆ ಒದಗುತ್ತದೆ.

ಬೇರು ಮೇಲ್ಮಣ್ಣಿನಲ್ಲೇ ಇರುವುದರಿಂದ ಒಂದು ಮಧ್ಯಾಹ್ನ ಒಣಗಿದರೂ ಗಿಡಕ್ಕೆ ಏಟು. ಒಂದು ದಿನ ಒಣಗಿಸಿ ಮರುದಿನ ತುಂಬಿಸಿದರೆ ಒಳಗಿನ ಎಳೆ ಎಲೆಗೆ ಸುಣ್ಣದ ಅಂಶ ಸರಿಯಾಗಿ ತಲುಪದೆ ಅಂಚು ಕಂದಿ ಸುಡುತ್ತದೆ. ಹಾಗಾಗಿ ದಿನವೂ ಬೆಳಗ್ಗೆ ತಂಬಿಗೆ ನೀರು, ಅಷ್ಟೇ ಅಳತೆ, ಅದೇ ಹೊತ್ತು. ಬೋರ್‌ವೆಲ್ ನೀರು ಗಡುಸಾಗಿದ್ದರೆ ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟುತ್ತದೆ. ಲೆಟ್ಯೂಸ್ ಉಪ್ಪನ್ನು ಹೆಚ್ಚು ತಾಳುವ ಬೆಳೆಯಲ್ಲ. ಕೃಷ್ಣೆಯ ದಂಡೆಯಲ್ಲಿ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಸವಳು-ಜವಳಾದ ಹೊಲಗಳನ್ನು ಕಂಡವರಿಗೆ ಈ ಬಿಳಿ ಪದರದ ಗುರುತು ಹೇಳಬೇಕಿಲ್ಲ. ಆಗಾಗ ಒಳ್ಳೆಯ ನೀರನ್ನು ತಳದ ತೂತಿನಿಂದ ಇಳಿದುಹೋಗುವಷ್ಟು ಹೊಯ್ದು ಉಪ್ಪನ್ನು ತೊಳೆಯಬೇಕು.

ಹೊಳೆದಾಸವಾಳಕ್ಕೆ ಈ ಯಾವ ಕ್ರಮವೂ ಹೊಂದುವುದಿಲ್ಲ. ಅದರ ಮೂಲ ನೆಲೆ ಹೊಳೆಯಂಚು, ಮಳೆಕಾಡು. ಕೆಲ ದಿನ ಬುಡದಲ್ಲಿ ನೀರು ನಿಂತರೂ ತಾಳಿಕೊಳ್ಳುವ ಗುಣ ಅಲ್ಲಿಂದಲೇ ಬಂದದ್ದು. 2019ರ ಆಗಸ್ಟ್‌ನಲ್ಲಿ ಸಾಂಗಲಿಯ ಇರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ಮುಟ್ಟಿದ್ದನ್ನು ಕಂಡ ಊರಿಗೆ ಇಂಥ ಮರ ಬೇಕು. ಮೆಹಂದಿ, ದಾಳಿಂಬೆ ಇದರ ಬಳಗದವು. ಇದೇ ಜಿಲ್ಲೆಯ ಜತ್ತ, ಆಟಪಾಡಿಯ ಒಣನೆಲದಲ್ಲಿ ದಾಳಿಂಬೆ, ಹೊಳೆಯಂಚಿಗೆ ಹೊಳೆದಾಸವಾಳ. ಒಂದೇ ಕುಟುಂಬ ಎರಡು ತುದಿಯ ನೆಲದಲ್ಲೂ ಬಾಳುತ್ತದೆ.

ಆದರೆ ವಿಶ್ರಾಮಬಾಗ ಮಳೆಕಾಡಲ್ಲ. ಸಹ್ಯಾದ್ರಿಯ ಮಳೆನೆರಳಿನ ಸೀಮೆ, ಕರಿಮಣ್ಣು, ಬೇಸಿಗೆಗೆ ಬಿರಿಯುವ ನೆಲ. ಮೊದಲ ಎರಡು-ಮೂರು ಬೇಸಿಗೆ ಸಸಿಗೆ ನೀರು ಬೇಕೇಬೇಕು. ಎಡವುವುದು ಇಲ್ಲಿಯೇ. ಬೆಳಗ್ಗೆ ಕುಂಡಗಳಿಗೆ ಹಾಕಿ ಉಳಿದ ತಂಬಿಗೆ ನೀರನ್ನು ಸಸಿಯ ಕಾಂಡಕ್ಕೆ ಸುರಿದು ಒಳಗೆ ಹೋಗುತ್ತೇವೆ. ಮೇಲಿನ ಎರಡು ಬೆರಳು ಮಣ್ಣು ನೆನೆಯುತ್ತದೆ, ಬೇರು ಅಲ್ಲಿಗೇ ಬಂದು ನಿಲ್ಲುತ್ತದೆ. ಕೆಳಗೆ ಇಳಿಯಲು ಅದಕ್ಕೆ ಕಾರಣವೇ ಇಲ್ಲ. ಮುಂದೆ ಮೇ ತಿಂಗಳ ಅಡ್ಡಮಳೆಯ ಗಾಳಿಗೆ ವಾಲಿದಾಗ ಗಾಳಿಯನ್ನು ದೂರುತ್ತೇವೆ. ದಿನದ ತಂಬಿಗೆಯ ಬದಲು ವಾರಕ್ಕೊಮ್ಮೆ ಎರಡು ಕೊಡ ನೀರನ್ನು ಕಾಂಡದಿಂದ ದೂರಕ್ಕೆ ಮಾಡಿದ ಪಾತಿಗೆ ನಿಧಾನವಾಗಿ ಇಂಗಿಸಿದರೆ ಬೇರು ನೀರನ್ನು ಹಿಂಬಾಲಿಸಿ ಇಳಿಯುತ್ತದೆ. ಸಸಿ ಬೆಳೆದಂತೆ ಪಾತಿಯನ್ನೂ ಅಗಲಿಸಬೇಕು. ಮೇಲೆ ಕಬ್ಬಿನ ರವದಿ ಹೊದಿಸಿದರೆ ತೇವ ನಿಲ್ಲುತ್ತದೆ. ಈ ಸೀಮೆಯಲ್ಲಿ ರವದಿಗೆ ಬರವೆಲ್ಲಿದೆ? ಬೇರೂರಿದ ಮೇಲೆ ಮರಕ್ಕೆ ನಾವು ಕೊಡಬೇಕಾದದ್ದು ಹೆಚ್ಚೇನಿಲ್ಲ.

ಬೀಜದಿಂದ ಬಂದ ಗಿಡ ಹೂ ಬಿಡಲು ನಾಲ್ಕೈದು ವರ್ಷವಾದರೂ ಬೇಕು. ಬಿಟ್ಟಾಗ ಕೊಂಬೆಯ ತುದಿತುದಿಗೆ ನೇರಳೆಯ ಗೊಂಚಲು, ಇಸ್ತ್ರಿ ಕಾಣದ ತೆಳು ರೇಷ್ಮೆಯಂತೆ ಸುಕ್ಕಾದ ಎಸಳು. ಅರಳಿದ ಹೂ ದಿನ ಕಳೆದಂತೆ ಬಿಳಿಚುವುದರಿಂದ ಒಂದೇ ಗೊಂಚಲಿನಲ್ಲಿ ಕಡುನೇರಳೆಯಿಂದ ಮಾಸಲು ಬಣ್ಣದವರೆಗೆ ಎಲ್ಲ ಛಾಯೆಯೂ ಸಿಗುತ್ತದೆ. ಬೆಂಗಳೂರಿನಲ್ಲಿ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಒಂದರ ನಂತರ ಒಂದು ಮರ ಹೂಬಿಡುವಂತೆ ರಸ್ತೆಗಳನ್ನು ಯೋಜಿಸಿದ್ದರು. ಸಾಂಗಲಿಯಲ್ಲೂ ಯಾರಾದರೂ ಹಾಗೆ ಯೋಚಿಸಲಿ ಎಂಬುದು ನನ್ನ ಬಹುದಿನದ ಆಸೆ.

ಹೂ ಬರುವುದು ಆ ವರ್ಷದ ಹೊಸ ಚಿಗುರಿನ ತುದಿಗೆ. ಇದನ್ನು ಮರೆತು ವಿದ್ಯುತ್ ತಂತಿಯ ನೆಪದಲ್ಲಿ ಏಪ್ರಿಲ್‌ನಲ್ಲಿ ಕೊಂಬೆ ಸವರಿದರೆ ಆ ವರ್ಷದ ಹೂವೇ ಹೋಯಿತು. ಸವರಲೇಬೇಕಾದರೆ ಎಲೆ ಉದುರಿದ ಮೇಲೆ, ಚಿಗುರುವ ಮುಂಚೆ ಸವರಲಿ. ನಗರದಲ್ಲಿ ಮರ ಕಡಿಯಲು ಮಹಾರಾಷ್ಟ್ರದ 1975ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ಕಾಂಡದ ತನಕ ಸಿಮೆಂಟು ಸುರಿದು ಉಸಿರುಗಟ್ಟಿಸುವುದು ಮಾತ್ರ ಯಾರ ಕಣ್ಣಿಗೂ ಕಡಿದಂತೆ ಕಾಣುವುದಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟು ತೆಗೆಯಲು ಹೇಳಿತು. ಆ ಅಳತೆ ಇಲ್ಲಿಗೂ ಆಗಬೇಕು. ನಿಮ್ಮ ಮನೆ ಮುಂದಿನ ಮರದ ಸುತ್ತ ಫರಸಿ ಇದ್ದರೆ ಮೃಗಶಿರ ಮಳೆ ಬೀಳುವ ಮುಂಚೆ ಎಬ್ಬಿಸಿರಿ. ಲೆಟ್ಯೂಸ್ ಮುಗಿದ ಕುಂಡದ ಮಣ್ಣನ್ನು ಹಾಗೆ ತೆರೆದ ಪಾತಿಗೆ ಹರಡಿರಿ, ಬೇರಿನ ಮಟ್ಟಕ್ಕಿಂತ ಎತ್ತರಕ್ಕೆ ಕಾಂಡವನ್ನು ಮುಚ್ಚದ ಹಾಗೆ.