ಸುತ್ತುವ ರೈಲು, ಕಾಯುವ ರೈಲು

ಹುಬ್ಬಳ್ಳಿ ಸ್ಟೇಷನ್ನಿನ ಗದಗ ರಸ್ತೆ ಬಾಗಿಲ ಕಡೆ 2020ರ ಆಗಸ್ಟ್‌ನಲ್ಲಿ ರೈಲು ಮ್ಯೂಸಿಯಂ ಶುರುವಾಯಿತು. ಅಲ್ಲಿ ಮಾದರಿ ರೈಲಿನ ಓಟವೂ ಒಂದು ಆಕರ್ಷಣೆ. ಆದರೆ ಮಾದರಿ ರೈಲು ಎಲ್ಲಿಯದಾದರೂ ಅದಕ್ಕೊಂದು ಕೊರತೆ ಅಂಟಿಕೊಂಡೇ ಇರುತ್ತದೆ. ಮೂರು ಸುತ್ತು ನೋಡಿದ ಮಗು ಅಪ್ಪನ ಅಂಗಿ ಜಗ್ಗುತ್ತದೆ: ‘ಇದು ಎಲ್ಲೂ ನಿಂದ್ರೂದ ಇಲ್ಲೇನು?’

ದೊಡ್ಡವರನ್ನೂ ಈ ಪ್ರಶ್ನೆ ಕಾಡಿತ್ತು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಫ್ರಾಂಕ್ ಎಲಿಸನ್ ತಮ್ಮ ‘ಡೆಲ್ಟಾ ಲೈನ್ಸ್’ ಮಾದರಿ ರೈಲ್ವೆಯ ಅನುಭವದ ಮೇಲೆ 1944ರಲ್ಲಿ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಗೆ ಲೇಖನಮಾಲೆ ಬರೆದರು. ಅವರಿಗೆ ರಂಗಭೂಮಿಯ ನಂಟಿತ್ತು. ಹಳಿಯೇ ರಂಗ, ರೈಲುಗಳೇ ಪಾತ್ರಧಾರಿಗಳು, ವೇಳಾಪಟ್ಟಿಯೇ ಕಥೆ ಎಂಬುದು ಅವರ ವಾದ. ಕಂಪನಿ ನಾಟಕ ನೋಡಿ ಬೆಳೆದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ; ಪಾತ್ರ ಬರೇ ಸ್ಟೇಜು ಸುತ್ತಿದರೆ ಪಿಟ್ಟಿನವರು ಎದ್ದು ಹೋಗುತ್ತಾರೆ. ಹೀಗೆ ನಾಲ್ಕಾರು ಜನ ಸೇರಿ ಸ್ಟೇಷನ್ ಮಾಸ್ತರ, ಡ್ರೈವರ್, ಕಂಟ್ರೋಲರ್ ಆಗಿ ಹಂಚಿಕೊಂಡು ಇಡೀ ದಿನದ ಸಂಚಾರ ನಡೆಸುವ ಆಟಕ್ಕೆ ಹವ್ಯಾಸಿಗಳು ‘ಆಪರೇಟಿಂಗ್ ಸೆಷನ್’ ಅಂದರು.

ಇಂಗ್ಲೆಂಡಿನ ಪಾದ್ರಿ ಪೀಟರ್ ಡೆನ್ನಿಯವರ ‘ಬಕಿಂಗ್‌ಹ್ಯಾಂ’ ಮಾದರಿಯಲ್ಲಂತೂ ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಗಂಟೆ ಬಾರಿಸಿ, ಒಪ್ಪಿಗೆ ಪಡೆದೇ ಗಾಡಿ ಬಿಡಬೇಕಿತ್ತು. ಆ ಕಡೆಯ ಸ್ಟೇಷನ್ ನೋಡಿಕೊಳ್ಳಲು ಮಗ ಕ್ರಿಸ್ಪಿನ್ ಕೈಗೆ ಸಿಗದ ದಿನಗಳಿಗೆಂದು ಅವರು ಒಂದು ಯಂತ್ರವನ್ನೇ ಕಟ್ಟಿ, ಅದಕ್ಕೆ ‘ಆಟೊಮ್ಯಾಟಿಕ್ ಕ್ರಿಸ್ಪಿನ್’ ಎಂದು ಹೆಸರಿಟ್ಟರು.

ಹವ್ಯಾಸಿಗಳಿಗಿಂತ ಮೊದಲೇ ಈ ಆಟವನ್ನು ರೈಲ್ವೆಯವರೇ ಆಡಿದ್ದರು, ಪಾಠಕ್ಕಾಗಿ. ಮ್ಯಾಂಚೆಸ್ಟರಿನಲ್ಲಿ 1912ರಲ್ಲಿ ಸಿಗ್ನಲ್‌ನವರ ತರಬೇತಿಗೆಂದೇ ಕಟ್ಟಿದ ಮಾದರಿ ಈಗ ಯಾರ್ಕ್‌ನ ರೈಲ್ವೆ ಮ್ಯೂಸಿಯಮ್ಮಿನಲ್ಲಿದೆ. ಭಾರತೀಯ ರೈಲ್ವೆಯ ತರಬೇತಿ ಸಂಸ್ಥೆಗಳಲ್ಲಿ ‘ಮಾಡೆಲ್ ರೂಮ್’ ಎಂಬ ಕೋಣೆ ಹಳೆಯ ಪದ್ಧತಿ. ಸ್ಟೇಷನ್ ಮಾಸ್ತರರಾಗಲು ಬಂದವರು ಅಲ್ಲಿ ಪುಟ್ಟ ಹಳಿಗಳ ಮುಂದೆ ನಿಂತು ಗಾಡಿ ಬಿಡುವುದನ್ನು, ತಡೆಯುವುದನ್ನು ಕಲಿಯುತ್ತಾರೆ. ಹಳಿ ಆಟಿಕೆಯದು, ನಿಯಮ ಮಾತ್ರ ನಿಜದ್ದೇ. ನೈಋತ್ಯ ರೈಲ್ವೆಗೆ ಇಂಥ ತರಬೇತಿ ಸಂಸ್ಥೆ ಇರುವುದು ಧಾರವಾಡದಲ್ಲಿ.

ಆ ನಿಯಮದ ಬೇರು ಒಂಟಿ ಹಳಿಯಲ್ಲಿದೆ. ಎದುರುಬದುರು ಗಾಡಿ ಬಂದರೆ ಒಂದು ಪಕ್ಕದ ಹಳಿಯಲ್ಲಿ, ಅಂದರೆ ಲೂಪಿನಲ್ಲಿ, ನಿಲ್ಲಲೇಬೇಕು, ಅದೇ ಕ್ರಾಸಿಂಗ್. ಮುಂದಿನ ಸ್ಟೇಷನ್ನಿನವರು ಒಪ್ಪಿದರೆ ಮಾತ್ರ ನೀಲ್ ಟೋಕನ್ ಯಂತ್ರ ಒಂದು ಲೋಹದ ಗುಂಡನ್ನು ಕೆಡವುತ್ತದೆ; ಡ್ರೈವರ್‌ಗೆ ಅದೇ ಪರವಾನಗಿ. ಒಂದು ಹೊರಗಿದ್ದಾಗ ಎರಡನೆಯದು ಎರಡೂ ತುದಿಯಲ್ಲಿ ಹೊರಬರದು. ಗುಂಡನ್ನು ಚೀಲದಲ್ಲಿಟ್ಟು, ಚೀಲಕ್ಕೆ ದೊಡ್ಡ ಬಳೆ ಕಟ್ಟಿ ಎತ್ತಿ ಹಿಡಿದರೆ ಓಡುವ ಎಂಜಿನ್ನಿನಿಂದ ಕೈ ಚಾಚಿ ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಉಣಕಲ್, ಅಮರಗೋಳ, ನವಲೂರು ದಾಟುವ ಹುಬ್ಬಳ್ಳಿ–ಧಾರವಾಡ ಹಾದಿ ಈಗ ಜೋಡಿ ಹಳಿ. ಆ ಬಳೆಗೆ ಕೆಲಸವಿಲ್ಲ. ಮಾದರಿ ಕಟ್ಟುವವರಿಗೆ ಮಾತ್ರ ಅದೇ ಬೇಕು. ಗುಂಡಿನ ಬದಲು ಒಂದು ಗೋಲಿಯಾದರೂ ನಡೆದೀತು.

ಹಾಗಾದರೆ ಹುಬ್ಬಳ್ಳಿಯನ್ನೇ ಮೇಜಿನ ಮೇಲೆ ತಂದರೆ? 87ಕ್ಕೆ ಒಂದರ ಅಳತೆಯಲ್ಲಿ, 1507 ಮೀಟರಿನ ಇಲ್ಲಿಯ ಪ್ಲಾಟ್‌ಫಾರ್ಮೇ 17 ಮೀಟರ್ ದಾಟುತ್ತದೆ, ಮನೆಯಲ್ಲಲ್ಲ, ಕಲ್ಯಾಣ ಮಂಟಪದಲ್ಲಿ ಹಾಸಬೇಕು. ಇನ್ನೊಂದು ತಮಾಷೆ ಗೇಜಿನದು. ನಮ್ಮ ಬ್ರಾಡ್‌ಗೇಜ್ ಈ ಅಳತೆಯಲ್ಲಿ 19 ಮಿಲಿಮೀಟರ್ ಮೀರುತ್ತದೆ; ಅಂಗಡಿಯ ಹಳಿ 16.5. ಸದರ್ನ್ ಮರಾಠಾ ರೈಲ್ವೆ ಹಾಕಿದ ಹಳೆಯ ಮೀಟರ್‌ಗೇಜ್ ಮಾತ್ರ, ಸ್ವಿಸ್ ರೈಲುಗಳ ಅಭಿಮಾನಿಗಳ ದಯದಿಂದ, 12 ಮಿಲಿಮೀಟರಿನ ತಯಾರು ಹಳಿಯಲ್ಲಿ ಚೆನ್ನಾಗಿ ಕೂರುತ್ತದೆ. ಅಂದರೆ ಇವತ್ತಿನ ಹುಬ್ಬಳ್ಳಿಗಿಂತ ಅಜ್ಜನ ಕಾಲದ ಹುಬ್ಬಳ್ಳಿ ಕಟ್ಟುವುದು ಸುಲಭ.

ಸರಕಿಗಂತೂ ಬರವಿಲ್ಲ. ಆಗ ಹತ್ತಿಯ ಅಂಡಿಗೆ. ಈಗ ಮುರ್ಮಗೋವಾ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು. ಆ ಹಾದಿಯಲ್ಲಿ ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗೆ 37 ಅಡಿಗೆ ಒಂದಡಿ ಏರು, ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಬೇಕು. ಯಾವ ವ್ಯಾಗನ್ ಎಲ್ಲಿಗೆ ಅನ್ನುವುದಕ್ಕೆ ಅಮೆರಿಕದ ಡಗ್ ಸ್ಮಿತ್ 1961ರಲ್ಲಿ ಕಾರ್ಡುಗಳ ಪದ್ಧತಿ ಕೊಟ್ಟರು. ಪ್ರತಿ ವ್ಯಾಗನ್ನಿಗೊಂದು ಚೀಟಿ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಬಿಲ್ಟಿ.

ಈ ಆಟದಲ್ಲಿ ಗಡಿಯಾರವನ್ನು ಆರು ಪಟ್ಟು ವೇಗದಲ್ಲಿ ಓಡಿಸುವುದುಂಟು, ಇಡೀ ದಿನ ನಾಲ್ಕು ತಾಸಿನಲ್ಲಿ ಮುಗಿಯಲಿ ಅಂತ. ಆ ಲೆಕ್ಕದಲ್ಲಿ ಅಳ್ನಾವರದ ಲೂಪಿನಲ್ಲಿ ಅರ್ಧ ತಾಸು ಬಿದ್ದುಕೊಂಡ ಗೂಡ್ಸು ನಿಜಕ್ಕೆ ನಿಲ್ಲುವುದು ಐದು ನಿಮಿಷ. ಎದುರು ಗಾಡಿಯ ಗೋಲಿ ಕೈಸೇರುವ ತನಕ ಅದರ ಡ್ರೈವರ್ ಕೈಕಟ್ಟಿ ನಿಂತಿರಬೇಕು. ಚಹಾ ಕುಡಿಯಲು ಅವನಿಗೆ ಸಿಗುವ ಬಿಡುವು ಅದೇ.